ಹಳೆಯ ನಾವೆಯ ಜೀರ್ಣೋದ್ಧಾರ

ದೇವಾಲಯದ ಜೀರ್ಣೋದ್ಧಾರ, ಕೆರೆಯ ಜೀರ್ಣೋದ್ಧಾರ, ಬಾವಿಯ ಜೀರ್ಣೋದ್ಧಾರ, ಇವುಗಳನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಹೊಸದಾಗಿ ಕಟ್ಟಿಸಿದವನಿಗಿಂತಲೂ ಬೀಳುತ್ತಿರುವುದನ್ನು ಎತ್ತಿ ನಿಲ್ಲಿಸಿದವನಿಗೆ ಪುಣ್ಯವು ಹೆಚ್ಚೆಂದು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಆದರೆ ಹಾಯಿಯ ನಾವೆಗೂ ಜೀರ್ಣೋದ್ಧಾರವುಂಟು, ಅದಕ್ಕೂ ಒಂದು ಶಾಸ್ತ್ರವುಂಟು, ಆ ಶಾಸ್ತ್ರವು ನಮ್ಮಂಥ ಸಂಸಾರವಂದಿಗರಿಗೂ ಉಪಯೋಗಕ್ಕೆ ಬರುವುದು ಎಂಬುದನ್ನು ನಾವು ಅರಿತದ್ದು ಬಹಳ ತಡವಾಗಿ. ಅದೂ ಇಂಗ್ಲೆಂಡಿನ ನೈಋತ್ಯದ ಮೂಲೆಯಲ್ಲಿರುವ ಒಂದು ರೇವುಪಟ್ಟಣದಲ್ಲಿ. ಅದರ ವೃತ್ತಾಂತವನ್ನು ವಾಚಕರೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ಶಾಲೆಯ ಕೆಲಸದಿಂದ ಬಿಡುಗಡೆ ಹೊಂದಿದ ಹೊಸತರಲ್ಲಿ, ೨೦೧೮ನೆಯ ಇಸವಿಯ ಮೇ ತಿಂಗಳಲ್ಲಿ, ನಾವು ಸಪತ್ನೀಕರಾಗಿ ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿರುವ ನಮ್ಮ ಮಗನ ಮನೆಗೆ ಹೋದೆವು. ಹೊರಡುವಾಗ ನಮ್ಮ ಪೆಟ್ಟಿಗೆಯ ತಳದಲ್ಲಿ ಒಂದು ಕಾಗದವಿತ್ತು. ಹೊನ್ನಾವರದ ಬಳಿ ಶರಾವತಿಯ ದಂಡೆಯ ಮೇಲಿರುವ ನಮ್ಮ ಪಿತ್ರಾರ್ಜಿತ ಮನೆಯನ್ನು ಕೆಡವಿ, ಜಾಗವನ್ನು ಮಾರಿ, ಬಂದ ಹಣವನ್ನು ಪಾಲು ಮಾಡಿಕೊಳ್ಳುವುದಕ್ಕೆ ನಮ್ಮ ಒಪ್ಪಿಗೆಯನ್ನು ಬೇಡುವ ಕಾಗದವದು. ಹುಬ್ಬಳ್ಳಿಯಲ್ಲಿರುವ ನಮ್ಮ ತಮ್ಮನು ಅದನ್ನು ಬರೆಯಿಸಿ ತಂದಿದ್ದನು. ಅವನದು ದುರಾಶೆಯೆಂದು ಯಾರೂ ತಿಳಿಯಬಾರದು. ಪ್ರತಿ ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸುವ ವೆಚ್ಚ, ಮಂಗಗಳ ಹಾವಳಿ, ಒರಲೆಯ ಕಾಟ, ಇವನ್ನೆಲ್ಲ ಆರು ವರ್ಷ ಅವನೊಬ್ಬನೇ ಹೊತ್ತಿದ್ದನು. ಮನೆಗೆ ಬೀಗ ಹಾಕಿ ಆಗಲೇ ಆರು ವರ್ಷವಾಗಿತ್ತು. "ಅಪ್ಪಯ್ಯ, ನೀವೂ ಆಯಿಯೂ ಅಲ್ಲಿ ಒಬ್ಬಂಟಿಗರಾಗಿ ಏನು ಮಾಡುವಿರಿ? ಬೆಂಗಳೂರಿನಲ್ಲಿ ಒಳ್ಳೆಯದೊಂದು ಮನೆ ನೋಡೋಣ" ಎಂದು ಮಗನೂ ಹೇಳುತ್ತಿದ್ದನು. ನಾವು ರುಜು ಹಾಕುವುದನ್ನು ಮುಂದೂಡಿದ್ದೆವು. ಬೇಡವೆನ್ನುವುದಕ್ಕೆ ಕಾರಣವೂ ನಮ್ಮ ಬಳಿ ಇರಲಿಲ್ಲ.

ಜೂನ್ ತಿಂಗಳ ಮೊದಲ ವಾರದಲ್ಲಿ ಮಗನು, "ಮುಂಬಯಿಯಲ್ಲಿ ಕಟ್ಟಿದ ಒಂದು ಹಳೆಯ ಹಾಯಿನಾವೆ ಫಾಲ್ಮತ್ ರೇವಿಗೆ ಬರುವುದಂತೆ. ನೀವು ದೋಣಿಗಳ ನಡುವೆ ಬೆಳೆದವರು, ನೋಡಿ ಬರೋಣವೇ?" ಎಂದನು. ಅದರ ಹೆಸರು ಸುಹೇಲಿ ಎಂದು ಕೇಳಿದ ಕೂಡಲೇ ನಮಗೆ ಕುತೂಹಲವುಂಟಾಯಿತು. ಅರಬ್ಬೀ ನಾವಿಕರು ಪರ್ಷಿಯಾ ಕೊಲ್ಲಿಯಲ್ಲಿ ಬೀಸುವ ಆಗ್ನೇಯದ ಗಾಳಿಯನ್ನು ಸುಹೇಲಿ ಎಂದು ಕರೆಯುವರು. ದಕ್ಷಿಣ ದಿಕ್ಕಿನ ಮಹಾನಕ್ಷತ್ರವೊಂದಕ್ಕೆ ಅವರಲ್ಲಿ ಸುಹೈಲ್ ಎಂದು ಹೆಸರು. ಆ ನಕ್ಷತ್ರವು ಬೇರೆಯಲ್ಲ, ನಮ್ಮ ಅಗಸ್ತ್ಯನೇ. ಸಮುದ್ರವನ್ನೇ ಆಪೋಶನ ಮಾಡಿದ ಆ ಮಹರ್ಷಿಯ ನಕ್ಷತ್ರ. ಸಂಸ್ಕೃತ ಪಾಠ ಹೇಳುತ್ತ ಆಯುಷ್ಯ ಕಳೆದ ನಮಗೆ ಹೊರಡಲು ಇಷ್ಟು ನೆಪವೇ ಸಾಕಾಯಿತು.

ರೆಡಿಂಗಿನಿಂದ ಟ್ರೂರೋ ಎಂಬ ಊರಿಗೆ ರೈಲಿನಲ್ಲಿ ಸುಮಾರು ನಾಲ್ಕು ತಾಸಿನ ಪಯಣ. ಡಾಲಿಶ್ ಎಂಬಲ್ಲಿ ರೈಲುಹಾದಿಯು ಸಮುದ್ರದ ಅಂಚಿಗೇ ಇಳಿಯುವುದು. ತೆರೆಯ ತುಂತುರು ಗಾಜಿಗೆ ತಾಗುವುದೇನೋ ಎಂಬಷ್ಟು ಹತ್ತಿರ. ಪ್ಲಿಮತ್ ದಾಟಿದ ಮೇಲೆ ಟೇಮರ್ ನದಿಗೆ ಬ್ರುನೆಲ್ ಎಂಬ ಪ್ರಸಿದ್ಧ ಯಂತ್ರಶಿಲ್ಪಿಯು ಕಟ್ಟಿದ, ೧೮೫೯ರಲ್ಲಿ ತೆರೆದ ಕಬ್ಬಿಣದ ಸೇತುವೆಯನ್ನು ಹಾಯ್ದು ಕಾರ್ನ್‌ವಾಲ್ ಪ್ರಾಂತವನ್ನು ಪ್ರವೇಶಿಸಿದೆವು. ಟ್ರೂರೋದಲ್ಲಿ ಗಾಡಿ ಬದಲಾಯಿಸಿ ಒಂದು ಚಿಕ್ಕ ಕವಲುಹಾದಿಯಲ್ಲಿ ಅರ್ಧ ತಾಸಿನೊಳಗೆ ಫಾಲ್ಮತ್ ಸೇರಿದೆವು.

ಫಾಲ್ ನದಿಯು ಸಮುದ್ರಕ್ಕೆ ಸೇರುವಲ್ಲಿ ಅಳಿವೆಯು ಅಗಲವಾಗಿಯೂ ಆಳವಾಗಿಯೂ ಇರುವುದರಿಂದ ಇದು ಸ್ವಾಭಾವಿಕವಾದ ಉತ್ತಮ ಬಂದರು. ಬಾಗಿಲಿನ ಇಕ್ಕೆಲಗಳಲ್ಲಿ ಎಂಟನೆಯ ಹೆನ್ರಿ ದೊರೆ ಕಟ್ಟಿಸಿದ ಎರಡು ಕೋಟೆಗಳು ದ್ವಾರಪಾಲಕರಂತೆ ನಿಂತಿವೆ. ೧೬೮೮ರಿಂದ ೧೮೫೦ರ ವರೆಗೆ ಇಂಗ್ಲೆಂಡಿನಿಂದ ಹೊರದೇಶಗಳಿಗೆ ಟಪಾಲನ್ನು ಒಯ್ಯುವ ಹಡಗುಗಳು ಇಲ್ಲಿಂದ ಹೊರಡುತ್ತಿದ್ದವು. ೧೮೦೫ರ ಟ್ರಫಾಲ್ಗರ್ ಯುದ್ಧದ ಸುದ್ದಿಯನ್ನು ಹೊತ್ತ ಹಡಗು ಮೊದಲು ಮುಟ್ಟಿದ್ದೂ ಈ ರೇವನ್ನೇ. ನದಿ, ಅಳಿವೆ, ಗುಡ್ಡ, ಒದ್ದೆ ಗಾಳಿ ಇವುಗಳನ್ನು ಕಂಡು ನಮ್ಮ ಮನೆಯವರು, "ಹೊನ್ನಾವರವನ್ನೇ ತಂದು ಇಲ್ಲಿ ಚಳಿಗೆ ಇಟ್ಟಂತಿದೆ" ಎಂದರು. ರಾತ್ರಿ ಒಂಬತ್ತು ಹೊಡೆದರೂ ಸೂರ್ಯನು ಮುಳುಗನು. ಸಾಯಂಸಂಧ್ಯೆಗೆ ಯಾವಾಗ ಕುಳಿತುಕೊಳ್ಳಬೇಕೆಂಬುದೇ ನಮಗೊಂದು ಸಮಸ್ಯೆಯಾಗಿತ್ತು.

ಸುಹೇಲಿಯನ್ನು ಮೊದಲು ಕಂಡಾಗ ನಮಗೆ, ನಿಜ ಹೇಳುವುದಾದರೆ, ಸ್ವಲ್ಪ ನಿರಾಶೆಯೇ ಆಯಿತು. ಸುತ್ತಲೂ ಬೆಳ್ಳಗೆ ಹೊಳೆಯುವ ಶ್ರೀಮಂತರ ನಾವೆಗಳ ನಡುವೆ ಇದೊಂದು ಗಿಡ್ಡ, ದುಂಡು ಒಡಲಿನ, ಮುಂದೂ ಹಿಂದೂ ಚೂಪಾದ, ಎರಡು ಕೂವೆಮರಗಳ ದೋಣಿ. ಉದ್ದವು ೩೨ ಅಡಿ. ನಮ್ಮ ಮನೆಯ ಜಗಲಿಯೂ ಅದಕ್ಕಿಂತ ಉದ್ದವಾಗಿದೆ. ಇದರಲ್ಲಿಯೇ ಒಬ್ಬ ಮನುಷ್ಯನು ಒಂಟಿಯಾಗಿ, ಎಲ್ಲಿಯೂ ನೆಲವನ್ನು ಮೆಟ್ಟದೆ, ಭೂಮಂಡಲವನ್ನು ಪ್ರದಕ್ಷಿಣೆ ಮಾಡಿದನೆಂದರೆ ನಂಬುವುದು ಕಷ್ಟ. ಆದರೆ ಅದು ನಡೆದ ಮಾತು.

ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ತರುಣನು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದಾಗ, ಇಬ್ಬರು ಜೊತೆಗಾರರೊಡನೆ ಸೇರಿ ಮುಂಬಯಿಯ ಕೊಲಾಬಾದಲ್ಲಿ ಈ ನಾವೆಯನ್ನು ಕಟ್ಟಿಸಿದನು. ವಿನ್ಯಾಸವು ವಿಲಿಯಂ ಆಟ್‌ಕಿನ್ ಎಂಬ ಅಮೆರಿಕದವನದು. ಅದರ ಮೂಲವು ನಾರ್ವೆಯ ಕಾಲಿನ್ ಆರ್ಚರ್ ಎಂಬವನು ಬಿರುಗಾಳಿಯಲ್ಲಿ ಸಿಕ್ಕ ಬೆಸ್ತರನ್ನು ಕಾಪಾಡುವುದಕ್ಕೆಂದು ಕಲ್ಪಿಸಿದ ರಕ್ಷಕದೋಣಿ. ಮರವು ಮಾತ್ರ ನಮ್ಮ ದೇಶದ ತೇಗ. ಕೆಲಸದವರು ನಮ್ಮ ದೇಶದ ಬಡಗಿಗಳು. ಹತಾರಗಳು ಬಾಚಿ ಮತ್ತು ಬಿಲ್ಲಿನಿಂದ ತಿರುಗಿಸುವ ಬೈರಿಗೆ. ೧೯೬೪ರ ಡಿಸೆಂಬರಿನಲ್ಲಿ ಮೂತಿಗೆ ತೆಂಗಿನಕಾಯಿ ಒಡೆದು ನೀರಿಗೆ ಇಳಿಸಿದರು. ೧೯೬೮ರ ಜೂನ್ ೧೪ರಂದು ಇದೇ ಫಾಲ್ಮತ್ತಿನಿಂದ ಹೊರಟು ೧೯೬೯ರ ಏಪ್ರಿಲ್ ೨೨ರಂದು, ೩೧೨ ದಿನಗಳ ಮೇಲೆ, ಇಲ್ಲಿಗೇ ಮರಳಿ ಬಂದಿತು. ಆ ಪಂದ್ಯಕ್ಕೆ ಹೊರಟವರು ಒಂಬತ್ತು ಮಂದಿ, ಮುಗಿಸಿದವನು ಇವನೊಬ್ಬನೇ. ನಡುಸಮುದ್ರದಲ್ಲಿ ತಳದ ಸಂದುಗಳು ಬಿಟ್ಟು ನೀರು ಒಸರತೊಡಗಿದಾಗ ಆತನು ತಾನೇ ನೀರಿಗೆ ಧುಮುಕಿ, ಉಸಿರು ಕಟ್ಟಿ, ಸಂದಿನಲ್ಲಿ ಹತ್ತಿಯನ್ನು ತುಂಬಿ ಮುಚ್ಚಿದನು. ನಡುವೆ ಸುತ್ತು ಹಾಕತೊಡಗಿದ ಸೊರಮೀನೊಂದನ್ನು ಬಂದೂಕಿನಿಂದ ಹೊಡೆಯಬೇಕಾಯಿತು. ಗೆದ್ದ ೫೦೦೦ ಪೌಂಡುಗಳನ್ನು, ಅದೇ ಪಂದ್ಯದಲ್ಲಿ ಪ್ರಾಣ ಕಳೆದುಕೊಂಡ ಡೊನಾಲ್ಡ್ ಕ್ರೋಹರ್ಸ್ಟನ ಕುಟುಂಬಕ್ಕೆ ಬಿಟ್ಟುಕೊಟ್ಟನು. ನಾವು ಹೋದಾಗ ಆ ತರುಣನು ೭೯ ವರ್ಷದ ಸರ್ ರಾಬಿನ್. ಐವತ್ತು ವರ್ಷ ತುಂಬಿದ ನೆನಪಿಗಾಗಿ ನಾವೆಯನ್ನು ಮತ್ತೆ ಫಾಲ್ಮತ್ತಿಗೆ ತರಲಾಗಿತ್ತು.

ರೇವಿನ ಹಲಗೆಯ ಕಟ್ಟೆಯ ಮೇಲೆ ನಿಂತು ನಾವು ನೋಡುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಮುದುಕನು ತೊಗಟೆಯಂಥ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದನು. ನಾವು ಇಂಡಿಯಾದಿಂದ ಬಂದವರೆಂದು ತಿಳಿದು, "ಹಾಗಾದರೆ ನಿಮ್ಮ ಮರವನ್ನು ನೋಡಲು ಬಂದಿರಿ" ಎಂದನು. ಅವನು ದೋಣಿಯ ಬಡಗಿ. ಇಲ್ಲಿಂದ ಎರಡು ಮೈಲಿ ದೂರದ ಪೆನ್ರಿನ್ ಎಂಬಲ್ಲಿ ನದಿಯ ಅಂಚಿನ ಒಂದು ಕಾರ್ಯಶಾಲೆಯಲ್ಲಿ ಹಳೆಯ ನಾವೆಗಳನ್ನು ದುರಸ್ತು ಮಾಡುವವನು. ಮರುದಿನ ಬಂದರೆ ತನ್ನ ಕೆಲಸವನ್ನು ತೋರಿಸುವೆನೆಂದು ಕರೆದನು. ಅವನ ಕಾರ್ನ್‌ವಾಲಿನ ಉಚ್ಚಾರಣೆಯಲ್ಲಿ ಅರ್ಧ ನಮಗೆ ತಿಳಿಯಲಿಲ್ಲ. ಮಗನು ಬಿಡಿಸಿ ಹೇಳಿದನು.

ಪೆನ್ರಿನ್ನಿನ ಆ ಅಂಗಳದಲ್ಲಿ ಒಂದು ಮರದ ನಾವೆಯನ್ನು ಊರುಗೋಲುಗಳ ಮೇಲೆ ನಿಲ್ಲಿಸಿದ್ದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ್ದು. ಉದ್ದವು ೩೦ ಅಡಿಯ ಆಸುಪಾಸು. ನೀರಿನಲ್ಲಿದ್ದಾಗ ಕಾಣದ ಭಾಗವೇ ದೊಡ್ಡದೆಂಬುದನ್ನು ಅಂದು ಕಂಡೆವು. ಮೂತಿಯ ಕೆಳಗಿನಿಂದ ಹಿಂಬದಿಯ ವರೆಗೆ ಒಂದೇ ಸಮನೆ ಇಳಿದು ಬಂದ ಅಡಿಮರ. ಅದರ ಹಿಂದುಗಡೆಯ ಅಂಚಿಗೇ ತೂಗುಹಾಕಿದ ಚುಕ್ಕಾಣಿ. ಇದನ್ನು ಇಂಗ್ಲಿಷಿನವರು ಕೀಲ್ ಎನ್ನುವರು. ನಮ್ಮ ಸಂಸ್ಕೃತದ ಕೀಲ ಶಬ್ದಕ್ಕೂ ಇದಕ್ಕೂ ನಂಟಿಲ್ಲ. ಅದು ಮೊಳೆ, ಇದು ಬೆನ್ನೆಲುಬು. ಈಗಿನ ನಾವೆಗಳಲ್ಲಿ ನಡುವೆ ಮಾತ್ರ ಮೀನಿನ ಈಜುರೆಕ್ಕೆಯಂಥ ಒಂದು ಹಲಗೆಯಿರುವುದು; ಅವು ಚುರುಕಾಗಿ ತಿರುಗುವುವು, ವೇಗವಾಗಿ ಓಡುವುವು. ಉದ್ದ ಅಡಿಮರದ ನಾವೆಗೆ ವೇಗವಿಲ್ಲ. ಇಕ್ಕಟ್ಟಾದ ರೇವಿನಲ್ಲಿ ಹಿಂದಕ್ಕೆ ಸರಿಸುವುದಂತೂ ಮೊಂಡು ಕೋಣವನ್ನು ಕೊಟ್ಟಿಗೆಗೆ ಎಳೆದಂತೆ. ಆದರೆ ಹೆದ್ದೆರೆಯಲ್ಲಿ ಅದು ಹಿಡಿದ ದಾರಿಯನ್ನು ಬಿಡದು. ಚುಕ್ಕಾಣಿಗೆ ತಳದ ಆಸರೆಯಿರುವುದರಿಂದ ಸುಲಭವಾಗಿ ಮುರಿಯದು. ನೆಲಕ್ಕೆ ತಾಗಿದರೂ ತಡೆದುಕೊಳ್ಳುವುದು.

"ಹಳೆಯ ನಾವೆಯನ್ನು ತಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ," ಎಂದು ಮುದುಕನು ಹೇಳಿದನು. "ಇದರಲ್ಲಿ ಹೋಗುವವರು ಯಾರು? ಹೋಗುವವರಿಲ್ಲದಿದ್ದರೆ ನಿಮ್ಮ ಹಣವನ್ನು ನಾನು ತೆಗೆದುಕೊಳ್ಳುವುದಿಲ್ಲ." ಈ ಮಾತು ನಮ್ಮ ಕಿವಿಯಲ್ಲಿ ನಿಂತಿತು.

ಎರಡನೆಯದು ಪರೀಕ್ಷೆ. ಅವನ ಕೈಯಲ್ಲಿ ಒಂದು ಚೂಪಾದ ದಬ್ಬಳವೂ ಒಂದು ಸಣ್ಣ ಸುತ್ತಿಗೆಯೂ ಇದ್ದವು. ಸುತ್ತಿಗೆಯಿಂದ ಹಲಗೆಯನ್ನು ಮೆಲ್ಲನೆ ತಟ್ಟುತ್ತ ಹೋದನು. ಗಟ್ಟಿಮರವು ಕಣ್ ಎನ್ನುವುದು, ಕೊಳೆತದ್ದು ಬೋದೆನ್ನುವುದು. ಬೋದೆಂದಲ್ಲಿ ದಬ್ಬಳವನ್ನು ಒತ್ತಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. "ಬಣ್ಣವನ್ನು ನಂಬಬೇಡಿ, ಬಣ್ಣವು ಸುಳ್ಳು ಹೇಳುತ್ತದೆ" ಎಂದನು. ಆಮೇಲೆ, ಅಡಿಮರಕ್ಕೆ ಸೀಸದ ಭಾರವನ್ನು ಬಿಗಿದಿದ್ದ ಕಬ್ಬಿಣದ ಒಂದು ದೊಡ್ಡ ತಿರುಪುಸಲಾಕಿಯನ್ನು ತೋರಿಸಿದನು. ಎರಡು ತುದಿಗಳೂ ದಪ್ಪವಾಗಿ ಗಟ್ಟಿಯಾಗಿದ್ದವು. ಆದರೆ ಮರವೂ ಲೋಹವೂ ಕೂಡುವ ನಡುಭಾಗದಲ್ಲಿ ತುಕ್ಕು ತಿಂದು ಕಿರುಬೆರಳಿನಷ್ಟು ಸಣ್ಣಗಾಗಿತ್ತು. ಹೊರಗಿನಿಂದ ನೋಡಿದವರಿಗೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ. ಹೊರಗೆ ಎಳೆದು ನೋಡಿದರೇ ಸತ್ಯ.

ಮೂರನೆಯದು ಕ್ರಮ. ಮೊದಲು ಒಡಲು, ಅಡಿಮರ, ಚುಕ್ಕಾಣಿ. ಅಂದರೆ ಮುಳುಗಿಸಬಲ್ಲ ಭಾಗಗಳು. ಆಮೇಲೆ ಕೂವೆ ಮತ್ತು ಅದನ್ನು ಹಿಡಿದು ನಿಲ್ಲಿಸುವ ತಂತಿಗಳು. ಉಕ್ಕಿನ ತಂತಿಗಳು ಹೊಳೆಯುತ್ತಿದ್ದರೂ ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ. ಏಕೆಂದರೆ ಅವುಗಳ ಕೊನೆಯ ಕೊಂಡಿಗಳೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುವುವು. ಮೂರನೆಯದಾಗಿ ಯಂತ್ರ, ಬೆಳಕು, ವಿದ್ಯುತ್ತಿನ ತಂತಿ. ಕೊನೆಗೆ ಹಾಸಿಗೆ, ಒಲೆ, ದಿಂಬು. "ಕೊಂಡವರಲ್ಲಿ ಬಹಳ ಮಂದಿ ದಿಂಬಿನಿಂದ ಆರಂಭಿಸುತ್ತಾರೆ" ಎಂದು ಅವನು ನಕ್ಕನು. ವೆಚ್ಚದ ವಿಷಯದಲ್ಲಿ ಅವನ ಲೆಕ್ಕವು ಸರಳ: ನೀವು ಎಣಿಸಿದ್ದಷ್ಟು, ಮತ್ತೆ ಅಷ್ಟೇ.

ಹಳತನ್ನು ಉಳಿಸುವೆವೆಂಬ ಹಟದಲ್ಲಿ ಹೊಸದನ್ನು ದೂರವಿಡಬೇಕೆಂದೇನೂ ಅವನ ಮತವಲ್ಲ. ಆ ಮರದ ನಾವೆಗೆ ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಮಾಡುವ ಫಲಕ, ಅತ್ಯಲ್ಪ ವಿದ್ಯುತ್ತಿನಲ್ಲಿ ಉರಿಯುವ ಎಲ್‌ಇಡಿ ದೀಪಗಳು, ತಾನಿರುವ ಸ್ಥಳವನ್ನು ಉಪಗ್ರಹಗಳಿಂದ ತಿಳಿಯುವ ಸಾಧನ, ಹಾದುಹೋಗುವ ದೊಡ್ಡ ಹಡಗುಗಳಿಗೆ ತನ್ನ ಇರವನ್ನು ರೇಡಿಯೋ ಮೂಲಕ ಸಾರುವ ಪೆಟ್ಟಿಗೆ, ಇವೆಲ್ಲ ಸಿದ್ಧವಾಗಿ ಕುಳಿತಿದ್ದವು. ಮರದ ನಾವೆಯು ರಾಡಾರಿನ ಕಣ್ಣಿಗೆ ಸರಿಯಾಗಿ ಬೀಳದಾದ್ದರಿಂದ ಈ ಕೊನೆಯದು ಪ್ರಾಣರಕ್ಷಕವೇ ಸರಿ. "ಪ್ರಾಣವನ್ನು ಕಾಯುವುದನ್ನು ಹೊಸದು ಹಾಕಿ, ಒಡಲಿನ ಆಕಾರವನ್ನು ಮುಟ್ಟಬೇಡಿ" ಎಂಬುದು ಅವನ ಸೂತ್ರ. ಸೂತ್ರಕಾರರು ಇದಕ್ಕಿಂತ ಅಲ್ಪಾಕ್ಷರದಲ್ಲಿ ಹೇಳಲಾರರು.

ಅಲ್ಲಿಯೇ ಒಂದು ಪೆಟ್ಟಿಗೆಯ ತುಂಬ ಹೊಸ ಕಂಚಿನ ತಿರುಪುಗಳಿದ್ದವು. ಸುಹೇಲಿಯ ಕಥೆಯ ಉತ್ತರಾರ್ಧವನ್ನು ಅವನು ಹೇಳಿದ್ದು ಅವುಗಳನ್ನು ತೋರಿಸುತ್ತಲೇ. ಕೀರ್ತಿವಂತವಾದ ಆ ನಾವೆಯನ್ನು ಗೌರವಕ್ಕಾಗಿ ಗ್ರೀನಿಚ್ಚಿನ ರಾಷ್ಟ್ರೀಯ ಸಮುದ್ರಯಾನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದರು. ಮಳೆಯಿಲ್ಲ, ಗಾಳಿಯಿಲ್ಲ, ಉಪ್ಪುನೀರಿಲ್ಲ. ಹದವಾದ ಒಣ ಹವೆ, ನೋಡಿ ತಲೆದೂಗುವ ಜನ. ಆದರೆ ಆ ಒಣ ಹವೆಯಲ್ಲಿ ತೇಗದ ಹಲಗೆಗಳು ಕುಗ್ಗಿ ಸಂದುಗಳು ಬಾಯಿಬಿಡತೊಡಗಿದವು. ಭೂಪ್ರದಕ್ಷಿಣೆಯ ತೆರೆಗಳು ಮುರಿಯಲಾರದ್ದನ್ನು ಗೌರವವು ಮುರಿಯತೊಡಗಿತ್ತು. ಅದನ್ನು ಕಂಡ ಯಜಮಾನನು ೨೦೦೨ರಲ್ಲಿ ನಾವೆಯನ್ನು ಅಲ್ಲಿಂದ ಬಿಡಿಸಿಕೊಂಡು ಹೋಗಿ ಮತ್ತೆ ನೀರಿಗೆ ಒಪ್ಪಿಸಿದನು. ಅನಂತರ ಕೆಲವು ವರ್ಷ, ವಯಸ್ಸು ಎಪ್ಪತ್ತು ದಾಟಿದ ಮೇಲೆಯೂ, ದುರಸ್ತಿಯ ಕೆಲಸಕ್ಕೆ ತಾನೇ ಕೈಹಚ್ಚಿದನು. ಮುಂಬಯಿಯಲ್ಲಿ ಹಲಗೆಗಳನ್ನು ಬಿಗಿಯಲು ಹಾಕಿದ್ದ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದಿದ್ದವು. ಅವನ್ನು ತೆಗೆದು ಕಂಚಿನವನ್ನು ಹಾಕಿದ್ದಾಯಿತು. ಮರವು ಮಾತ್ರ ಗಟ್ಟಿಯಾಗಿತ್ತು.

ಇದನ್ನು ಕೇಳಿ ನಮಗೆ ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರು ಎಂಬ ಸಂಸ್ಕೃತ ಗ್ರಂಥವು ನೆನಪಾಯಿತು. ಅದರಲ್ಲಿ ನೌಕಾನಿರ್ಮಾಣದ ವಿಚಾರವಿದೆ. ಮರಗಳನ್ನು ಹಗುರ, ಭಾರ, ಮೃದು, ಕಠಿನವೆಂದು ನಾಲ್ಕು ಜಾತಿಗಳಾಗಿ ವಿಂಗಡಿಸಿ, ಬೇರೆ ಬೇರೆ ಜಾತಿಯ ಮರಗಳನ್ನು ಒಂದೇ ನಾವೆಯಲ್ಲಿ ಕೂಡಿಸಬಾರದೆಂದು ಹೇಳಿದೆ. ಸಮುದ್ರಕ್ಕೆ ಹೋಗುವ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಿಗಿಯಬಾರದೆಂದೂ ನಿಷೇಧಿಸಿದೆ. ಆ ನಿಷೇಧಕ್ಕೆ ಗ್ರಂಥಕಾರನು ಕೊಟ್ಟ ಕಾರಣವೆಂದರೆ ಸಮುದ್ರದೊಳಗಿನ ಅಯಸ್ಕಾಂತ ಶಿಲೆಗಳು ಕಬ್ಬಿಣವನ್ನು ಸೆಳೆದು ನಾವೆಯನ್ನು ಕೆಡಿಸುವುವು ಎಂಬುದು. ನಾವು ನಲವತ್ತು ವರ್ಷ ಈ ಮಾತನ್ನು ಕೇವಲ ಕಟ್ಟುಕಥೆಯೆಂದು ನಕ್ಕು ಬಿಟ್ಟಿದ್ದೆವು. ಕಾರಣವು ನಿಜವಾಗಿಯೂ ತಪ್ಪೇ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣವು ಬಾಳದು ಎಂಬ ಅನುಭವವು ತಪ್ಪಲ್ಲ. ನಮ್ಮ ಪಶ್ಚಿಮ ತೀರದಲ್ಲಿಯೂ ಅರಬ್ಬೀ ತೀರದಲ್ಲಿಯೂ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ನಾವೆ ಕಟ್ಟುವ ಪದ್ಧತಿ ಬಹು ಕಾಲದಿಂದ ಇತ್ತು. ಇಂಗ್ಲಿಷರ ನೌಕಾಸೈನ್ಯವು ಇದೇ ಪಾಠವನ್ನು ಹಣ ತೆತ್ತು ಕಲಿಯಿತು: ೧೭೬೧ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ, ಎರಡು ವರ್ಷಗಳ ಮೇಲೆ ನೋಡಿದಾಗ ತಾಮ್ರವು ತಾಗಿದಲ್ಲೆಲ್ಲ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಕೂಡಿದರೆ ಒಂದು ಇನ್ನೊಂದನ್ನು ತಿನ್ನುವುದು. ಹಳೆಯ ಗ್ರಂಥದಲ್ಲಿ ಎಲ್ಲವೂ ಇದೆಯೆಂದು ಹೆಮ್ಮೆ ಪಡುವುದೂ, ಏನೂ ಇಲ್ಲವೆಂದು ನಗುವುದೂ ಸಮಾನವಾದ ಅವಿವೇಕವೆಂದು ನಮಗೆ ತೋರಿತು. ಅಲ್ಲಿಯೂ ದಬ್ಬಳದಿಂದ ಚುಚ್ಚಿ ನೋಡಬೇಕು.

ತೇಗದ ವಿಷಯದಲ್ಲಿ ಆ ಮುದುಕನ ಭಕ್ತಿಯೇ ಬೇರೆ. ಇಂಗ್ಲೆಂಡಿನ ಓಕ್ ಮರದಲ್ಲಿರುವ ಹುಳಿಯು ಕಬ್ಬಿಣವನ್ನು ತಿನ್ನುವುದು. ತೇಗದಲ್ಲಿರುವ ಎಣ್ಣೆಯು ಅದನ್ನು ಬಹಳ ಮಟ್ಟಿಗೆ ಕಾಪಾಡುವುದು. ಆದಕಾರಣವೇ ಮುಂಬಯಿಯ ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳು ಮಲಬಾರ ಮತ್ತು ಕೆನರಾ ಕಾಡುಗಳ ತೇಗದಿಂದ ಕಟ್ಟಿದ ಹಡಗುಗಳಿಗೆ ಅಷ್ಟು ಬೆಲೆಯಿತ್ತು. ೧೮೧೭ರಲ್ಲಿ ಮುಂಬಯಿಯಲ್ಲಿ ನೀರಿಗೆ ಇಳಿಸಿದ ಟ್ರಿಂಕೋಮಲೀ ಎಂಬ ಯುದ್ಧನೌಕೆಯು ಜೀರ್ಣೋದ್ಧಾರಗೊಂಡು ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿದೆ. ತೇಗಕ್ಕೆ ಇಂಗ್ಲಿಷರು ಕೊಟ್ಟ ಹೆಸರೂ ನಮ್ಮ ದಕ್ಷಿಣದ ಭಾಷೆಗಳಿಂದ ಹೋದದ್ದೇ. ಮುದುಕನು ಒಂದು ತುಂಡು ಹಳೆಯ ತೇಗವನ್ನು ರಂಧದಿಂದ ಒಮ್ಮೆ ಹೆರೆದು ನಮ್ಮ ಮೂಗಿನ ಬಳಿ ಹಿಡಿದನು. ಆ ವಾಸನೆ ಬಂದೊಡನೆ ನಮಗೆ ನಮ್ಮ ತಂದೆಯವರು ಮೆತ್ತಿನ ಮೇಲೆ ಕುಳಿತು ಓಲೆಗರಿಯ ಕಟ್ಟುಗಳನ್ನು ಬಿಚ್ಚುತ್ತಿದ್ದುದೂ, ಪಕ್ಕದ ಕಂಬದ ತಣ್ಣನೆಯ ಸ್ಪರ್ಶವೂ ಒಮ್ಮೆಲೇ ನೆನಪಿಗೆ ಬಂದವು. ನಾವು ಏನನ್ನೂ ಹೇಳಲಿಲ್ಲ. ನಮ್ಮ ಮನೆಯವರು ಮಾತ್ರ ನಮ್ಮ ಮುಖವನ್ನು ನೋಡಿ, "ಆರು ವರ್ಷ ಬೀಗ ಹಾಕಿದ ಮನೆಗೂ ಆ ಒಣಗಿದ ದೋಣಿಗೂ ಭೇದವೇನು? ಒಲೆ ಉರಿಯದ ಮನೆ ತಾನಾಗಿಯೇ ಬೀಳುತ್ತದೆ" ಎಂದರು.

ಆ ರಾತ್ರಿ ನಮಗೆ ಬೇಗ ನಿದ್ರೆ ಹತ್ತಲಿಲ್ಲ. ಮುದುಕನ ಪ್ರಶ್ನೆಯು ಮನೆಗೆ ಮಾತ್ರವಲ್ಲ, ನಮಗೂ ತಾಗಿತ್ತು. ಕೆಲಸ ಬಿಟ್ಟ ದಿನ ನಮಗೆ ಶಾಲು ಹೊದಿಸಿ ಹಾರ ಹಾಕಿದ್ದರು. ಇನ್ನು ವಿಶ್ರಾಂತಿಯೆಂದು ಎಲ್ಲರೂ ಹೇಳಿದ್ದರು. ಮಗನ ಮನೆಯಲ್ಲಿ ಹದವಾದ ಹವೆಯೂ ಇತ್ತು. ಒಂದು ತಿಂಗಳಿನಲ್ಲಿಯೇ ಶಬ್ದರೂಪಗಳು ನಾಲಗೆಯಿಂದ ಜಾರತೊಡಗಿದ್ದನ್ನು ನಾವು ಯಾರಿಗೂ ಹೇಳಿರಲಿಲ್ಲ. ಸಂದುಗಳು ಬಿಡತೊಡಗಿದ್ದವು.

ಜೂನ್ ೧೪ರಂದು ನಾವು ದಂಡೆಯ ಜನಸಂದಣಿಯಲ್ಲಿ ನಿಂತು ನೋಡಿ, ಮರುದಿನ ರೆಡಿಂಗಿಗೆ ಮರಳಿದೆವು. ಪೆಟ್ಟಿಗೆಯ ಕಾಗದಕ್ಕೆ ರುಜು ಹಾಕದೆ ತಮ್ಮನಿಗೆ ಒಂದು ಉದ್ದ ಪತ್ರವನ್ನು ಬರೆದೆವು. ಊರಿಗೆ ಬಂದು ಮನೆಯನ್ನು ಮೊದಲು ಪರೀಕ್ಷಿಸುವೆವು. ಅಡಿಯೇ ಕೆಟ್ಟಿದ್ದರೆ ಕೆಡವಲು ನಮ್ಮ ಅಡ್ಡಿಯಿಲ್ಲ. ಗಟ್ಟಿಯಿದ್ದರೆ ನಾವಿಬ್ಬರೂ ಅಲ್ಲಿಯೇ ವಾಸಕ್ಕೆ ನಿಲ್ಲುವೆವು, ವೆಚ್ಚವೂ ನಮ್ಮದೇ ಎಂದು. "ಅಣ್ಣ, ನೀನು ಅಲ್ಲಿ ಇರುವುದಾದರೆ ನನ್ನದೇನೂ ಮಾತಿಲ್ಲ, ಬೀಗ ಹಾಕಿ ಪೂಜಿಸುವುದಾದರೆ ಬೇಡ" ಎಂದು ಅವನು ಉತ್ತರ ಬರೆದನು. ಮುದುಕ ಬಡಗಿಯ ಮಾತನ್ನೇ ಅವನು ಬೇರೆ ರೀತಿಯಲ್ಲಿ ಹೇಳಿದ್ದನು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ಕೆಟ್ಟ ಸುದ್ದಿ ಬಂದಿತು. ಸುಹೇಲಿಯ ಪಡಿಯಚ್ಚಾಗಿ ಗೋವೆಯಲ್ಲಿ ಕಟ್ಟಿದ ತುರೀಯ ಎಂಬ ನಾವೆಯಲ್ಲಿ, ಉದ್ದ ಅಡಿಮರದ ಹಳೆಯ ಮಾದರಿಗಳಿಗೇ ಮೀಸಲಾದ ಪಂದ್ಯಕ್ಕೆ ಹೊರಟಿದ್ದ ನಮ್ಮ ನೌಕಾಸೈನ್ಯದ ಅಭಿಲಾಷ್ ಟೋಮಿಯವರು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿದರು. ನಾವೆ ಮಗುಚಿ ಎದ್ದಿತು, ಕೂವೆಗಳು ಮುರಿದವು, ಅವರ ಬೆನ್ನಿಗೆ ಭಾರಿ ಪೆಟ್ಟಾಯಿತು. ಮೂರು ದಿನಗಳ ಮೇಲೆ ಒಂದು ಫ್ರೆಂಚ್ ಹಡಗು ಅವರನ್ನು ಎತ್ತಿಕೊಂಡಿತು. ತಮ್ಮನು ದೂರವಾಣಿಯಲ್ಲಿ, "ನಿನ್ನ ಹಳೆಯ ಮಾದರಿ ಮುರಿಯಿತಲ್ಲ" ಎಂದನು. ನಾವು ಒಪ್ಪಿಕೊಂಡೆವು. ಹಳೆಯದೆಂದ ಮಾತ್ರಕ್ಕೆ ಸಮುದ್ರವು ಯಾರನ್ನೂ ಬಿಡದು. ಆದರೆ ಕೂವೆ ಹೋದರೂ ಒಡಲು ಮುಳುಗದೆ, ಏಳಲಾರದೆ ಮಲಗಿದ್ದ ಅವರನ್ನು ಅಷ್ಟು ದಿನ ಹೊತ್ತಿತ್ತೆಂಬುದೂ ನಿಜ. ಆ ವೀರರು ಚೇತರಿಸಿಕೊಂಡು, ೨೦೨೨ರಲ್ಲಿ ಮತ್ತೆ ಅದೇ ಪಂದ್ಯಕ್ಕೆ ಬಯಾನತ್ ಎಂಬ ನಾವೆಯಲ್ಲಿ ಹೊರಟು, ೨೦೨೩ರ ಏಪ್ರಿಲಿನಲ್ಲಿ ಎರಡನೆಯವರಾಗಿ ಮುಗಿಸಿದರು. ಆ ನಾವೆಯೂ ಉದ್ದ ಅಡಿಮರದ್ದೇ. ರಸ್ಲರ್ ೩೬ ಎಂಬ ಅದರ ಮಾದರಿಯ ಹೆಸರನ್ನು ಹೊತ್ತ ಕಾರ್ಖಾನೆಯು ನಾವು ಕಂಡ ಆ ಫಾಲ್ಮತ್ತಿನದೇ.

ದೀಪಾವಳಿ ಕಳೆದ ಮೇಲೆ ನಾವು ಊರ ಆಚಾರಿಯನ್ನು ಕರೆದುಕೊಂಡು ಮನೆಯ ಬೀಗವನ್ನು ತೆಗೆದೆವು. ಪೆನ್ರಿನ್ನಿನ ಪದ್ಧತಿಯಂತೆಯೇ ಕಂಬಕಂಬವನ್ನೂ ತಟ್ಟಿ, ಉಳಿಯ ತುದಿಯಿಂದ ಚುಚ್ಚಿದ್ದಾಯಿತು. ಹದಿನಾಲ್ಕು ಕಂಬಗಳಲ್ಲಿ ಹನ್ನೊಂದು ಕಣ್ ಎಂದವು. ಮೂರು ಬುಡದಲ್ಲಿ ಕೊಳೆತಿದ್ದವು. ಆ ಭಾಗವನ್ನು ಕತ್ತರಿಸಿ ಕೆಳಗೆ ಕಲ್ಲನ್ನು ಕೊಟ್ಟೆವು. ನಮ್ಮ ತಂದೆಯವರು ಬಹಳ ಅಭಿಮಾನದಿಂದ ತೋರಿಸುತ್ತಿದ್ದ ನಡುಮನೆಯ ದೊಡ್ಡ ತೊಲೆಯೇ, ಹೊರಗೆ ನಯವಾಗಿದ್ದರೂ, ಒಳಗೆ ಒರಲೆ ತಿಂದು ಟೊಳ್ಳಾಗಿತ್ತು. ಅದನ್ನು ಇಳಿಸುವಾಗ ನಮಗೆ ದುಃಖವಾಯಿತು, ಆದರೆ ಇಳಿಸಿದೆವು. ಮಾಡು, ಕಂಬ, ಗೋಡೆ ಆದ ಮೇಲೆ ಹೊಸ ವಿದ್ಯುತ್ತಿನ ತಂತಿ, ಜಾರದ ನೆಲದ ಸ್ನಾನಗೃಹ, ದಿಂಬುಗಳು ಕೊನೆಗೆ. ವೆಚ್ಚವು ಎಣಿಸಿದ್ದಷ್ಟು, ಮತ್ತೆ ಹೆಚ್ಚುಕಡಿಮೆ ಅಷ್ಟೇ ಆಯಿತು. ತೀರ್ಥಹಳ್ಳಿಯ ಕಡೆ ಇದ್ದ ಒಂದು ತುಂಡು ಅಡಕೆ ತೋಟವನ್ನು ಅದಕ್ಕಾಗಿ ಮಾರಬೇಕಾಯಿತೆಂಬುದನ್ನು ಮರೆಮಾಚುವುದಿಲ್ಲ.

ಈಗ ಸಂಜೆಯ ಹೊತ್ತು ಊರ ಆರೇಳು ಮಕ್ಕಳು ಜಗಲಿಯಲ್ಲಿ ಕುಳಿತು ರಾಮಃ ರಾಮೌ ರಾಮಾಃ ಎನ್ನುತ್ತಾರೆ. ಮಾಘಮಾಸದ ರಾತ್ರಿಗಳಲ್ಲಿ ಪಾಠ ಮುಗಿಸಿ ಅವರನ್ನು ಅಂಗಳಕ್ಕೆ ಕರೆತಂದು, ತೆಂಕಣ ದಿಕ್ಕಿನಲ್ಲಿ ತೆಂಗಿನ ತಲೆಗಳ ಮೇಲೆ ಹೊಳೆಯುವ ಅಗಸ್ತ್ಯನನ್ನು ತೋರಿಸುತ್ತೇವೆ. ಸುಹೇಲಿಯು ನೆಲೆ ನಿಂತ ಇಂಗ್ಲೆಂಡಿನ ಆಕಾಶದಲ್ಲಿ ಆ ನಕ್ಷತ್ರವು ಎಂದಿಗೂ ಮೂಡದು. ಅದನ್ನು ನೋಡಬೇಕಾದರೆ ನಾವೆಯು ದಕ್ಷಿಣಕ್ಕೆ ಹೊರಡಲೇಬೇಕು ಎಂದು ನಾವು ಹೇಳಿದರೆ ಮಕ್ಕಳು ಪ್ರತಿಸಲವೂ, "ಹೊರಟಿತೇ?" ಎಂದು ಕೇಳುತ್ತಾರೆ.

ಬೀಗ ಹಾಕಿದ ಮನೆಯುಳ್ಳ ವಾಚಕರು ನಮ್ಮಲ್ಲಿ ಬಹಳ ಮಂದಿ ಇರಬಹುದು. ಕೆಡವಬೇಕೋ ಉಳಿಸಬೇಕೋ ಎಂಬ ತೀರ್ಮಾನವನ್ನು ನಾವು ಹೇಳತಕ್ಕುದಲ್ಲ. ಕಾಗದಕ್ಕೆ ರುಜು ಹಾಕುವ ಮುಂಚೆ ಒಮ್ಮೆ ಬಾಗಿಲು ತೆರೆದು, ಒಳ್ಳೆಯ ಆಚಾರಿಯೊಬ್ಬನನ್ನು ಕರೆದು, ಕಂಬಗಳನ್ನು ತಟ್ಟಿ ನೋಡಿರಿ. ಅದಕ್ಕೂ ಮುಂಚೆ ಅಲ್ಲಿ ಇರುವವರು ಯಾರೆಂಬುದನ್ನು ಮನೆಯವರೆಲ್ಲ ಕೂಡಿ ಕೇಳಿಕೊಳ್ಳಿರಿ ಎಂದಷ್ಟೇ ನಮ್ಮ ಅರಿಕೆ.